ಎಣಿಕಿ ಪೆಟಗಿ ತೋಟಪ್ಪ

ಬೆಟಗೇರಿಯ ನಮ್ಮ ಓಣಿಯಲ್ಲಿ ತೋಟಪ್ಪನ ಮನೆಗೆ ಹೋಗುವುದೆಂದರೆ ಕಳ್ಳತನಕ್ಕೆ ಹೋದ ಹಾಗೆ. ಬಾಗಿಲು ಬಡಿಯುವಂತಿಲ್ಲ, ಹೊರಗೆ ನಿಂತು ಮೆಲ್ಲಗೆ ಕೂಗಬೇಕು. ಚಪ್ಪಲಿ ಕಟ್ಟೆಯ ಕೆಳಗೇ ಬಿಡಬೇಕು. ಒಳಗೆ ಕಾಲಿಟ್ಟ ಮೇಲೆ ಬೆಕ್ಕಿನ ನಡಿಗೆ. ಕೆಮ್ಮು ಬಂದರೆ ಹೊರಗೆ ಹೋಗಿ ಕೆಮ್ಮಿ ಬರಬೇಕು. ಇಷ್ಟೆಲ್ಲ ಮಡಿ ಮಾಡಿ ಒಳಗೆ ಹೋದರೆ ಅಲ್ಲಿ ದೇವರೂ ಇಲ್ಲ, ಮಲಗಿದ ಕೂಸೂ ಇಲ್ಲ. ಒಂದು ಲೋಲಕದ ಗಡಿಯಾರ, ಒಂದು ತಗಡಿನ ಪೆಟ್ಟಿಗೆ, ಒಂದು ಹಳೆಯ ಕಂಪ್ಯೂಟರ್. ಇವುಗಳಿಗೆ ತೊಂದರೆ ಆಗಬಾರದೆಂದು ಮನುಷ್ಯರು ಉಸಿರು ಬಿಗಿಹಿಡಿದು ಕೂಡಬೇಕು. ನಾನು ಜೀವಮಾನವಿಡೀ ಸಾಲಿಯಲ್ಲಿ ಕನ್ನಡ ಕಲಿಸಿದವನು, ಸುಮ್ಮನೆ ಕೂಡುವುದು ನನ್ನ ಜಾಯಮಾನವೇ ಅಲ್ಲ. ಆದರೂ ಹೋಗುತ್ತಿದ್ದೆ. ಬೇರೆ ಯಾರೂ ಹೋಗುತ್ತಿರಲಿಲ್ಲ, ಅದಕ್ಕೇ.

ತೋಟಪ್ಪನ ಅಪ್ಪ ನೇಕಾರ. ಮಗ ಇನ್ನೂ ಚಿಕ್ಕವನಿದ್ದಾಗಲೇ ಮಗ್ಗ ಬಿಚ್ಚಿ ಮಾರಿ ಹತ್ತಿ ಗಿರಣಿಯ ಕಾವಲಿಗೆ ಸೇರಿದ. ಮಗ ಹುಲಕೋಟಿಯಲ್ಲಿ ಓದಿ, ಐ.ಟಿ.ಐ. ಮುಗಿಸಿ, ಟೆಲಿಫೋನ್ ಇಲಾಖೆಯಲ್ಲಿ ಟೆಕ್ನಿಷಿಯನ್ ಆದ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ಎಕ್ಸ್‌ಚೇಂಜಿನಿಂದ ಎಕ್ಸ್‌ಚೇಂಜಿಗೆ ಬಸ್ಸಿನಲ್ಲಿ ಓಡಾಡಿಯೇ ಅವನ ಅರ್ಧ ಆಯುಷ್ಯ ಕಳೆಯಿತು. ಆಗ ಒಂದೇ ತಂತಿಯ ಮೇಲೆ ಹಲವರ ಮಾತು ಒಟ್ಟಿಗೆ ಹೋಗುತ್ತಿತ್ತಂತೆ. ಒಂದೊಂದು ಮಾತಿಗೂ ಅದರದೇ ಕಂಪನ, ಅಂದರೆ ಫ್ರೀಕ್ವೆನ್ಸಿ. ಅದು ಒಂದಿಷ್ಟು ಜಾರಿದರೂ ಈ ತುದಿಯ ದನಿ ಆ ತುದಿಗೆ ಬೇರೆಯೇ ಆಗಿ ಕೇಳುತ್ತಿತ್ತು.

“ಮಗಳು ಮಾತಾಡಿದ್ರ ಅವ್ವಗ ಯಾರೋ ಗಂಡಸು ಮಾತಾಡಿದಂಗ ಕೇಳ್ತಿತ್ತರಿ ಮಾಸ್ತರ್ರ,” ಎಂದು ತೋಟಪ್ಪ ನಗುತ್ತಿದ್ದ. “ಹಂಗ ಆಗದಂಗ ನೋಡ್ಕೊಳ್ಳಾಕ ನನ್ನ ಇಟ್ಟಿದ್ರು.”

ನೋಡಿಕೊಳ್ಳಲು ಕೊಟ್ಟ ಯಂತ್ರವೇ ಫ್ರೀಕ್ವೆನ್ಸಿ ಕೌಂಟರ್. ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂದು ಎಣಿಸಿ ಕೆಂಪು ಅಂಕಿಗಳಲ್ಲಿ ತೋರಿಸುವ ಪೆಟ್ಟಿಗೆ. ಓಣಿಯವರು ಅದಕ್ಕೆ ‘ಎಣಿಕಿ ಪೆಟಗಿ’ ಎಂದು ಹೆಸರಿಟ್ಟರು. ಕೊನೆಗೆ ಅವನಿಗೂ ಅದೇ ಅಡ್ಡಹೆಸರಾಯಿತು.

ಮದುವೆ ಆಗಲಿಲ್ಲ. ಹೆಣ್ಣು ನೋಡಲು ಹೊರಟ ದಿನವೇ ಮುಂಡರಗಿಯ ಲೈನ್ ಕೆಟ್ಟಿತು. ಇವನು ಇಸ್ತ್ರಿ ಹಾಕಿದ ಅಂಗಿಯಲ್ಲೇ ಮುಂಡರಗಿ ಬಸ್ಸು ಹತ್ತಿದ. ಅಲ್ಲಿ ಹೆಣ್ಣಿನವರು ಅವಲಕ್ಕಿ ಕಲಸಿಟ್ಟು ಸಂಜೆಯವರೆಗೆ ದಾರಿ ನೋಡಿದರು. “ಒಂದ್ ಫೋನ್ ಮಾಡಬಾರದಿತ್ತೇನಪಾ?” ಎಂದು ನಾನು ಕೇಳಿದ್ದಕ್ಕೆ, “ಅವರ ಮನ್ಯಾಗ ಫೋನ್ ಇರಲಿಲ್ಲರಿ” ಎಂದ. ಊರ ಮಂದಿಯ ಮಾತು ಜೋಡಿಸುವವನ ಹಣೆಬರಹ ನೋಡಿ! ಆಮೇಲೆ ಅವ್ವ ತೀರಿಕೊಂಡಳು, ಮುಂದಾಗಿ ಹೆಣ್ಣು ಹುಡುಕುವವರು ಉಳಿಯಲಿಲ್ಲ. ಇವನೂ ಆ ಸುದ್ದಿ ಬಿಟ್ಟ.

ಮೊಬೈಲ್ ಬಂದ ಮೇಲೆ ಎಕ್ಸ್‌ಚೇಂಜುಗಳ ಕತೆ ಎಲ್ಲರಿಗೂ ಗೊತ್ತು. ಮೊದಲು ಸಂದಣಿ ಕಡಿಮೆಯಾಯಿತು, ಆಮೇಲೆ ಮಂದಿ ಕಡಿಮೆಯಾದರು. ಶಿರಹಟ್ಟಿಯ ದೊಡ್ಡ ಹಾಲಿನಲ್ಲಿ ಇವನೊಬ್ಬನೇ ಕೂತು ಫ್ಯಾನಿನ ಸದ್ದು ಕೇಳುತ್ತಿದ್ದನಂತೆ. ದಿನಗಟ್ಟಲೆ ಒಂದು ದೂರೂ ಬರುತ್ತಿರಲಿಲ್ಲ. ಎಲ್ಲ ಸರಿಯಿದೆ ಎಂದು ಅದರ ಅರ್ಥವಲ್ಲ, ಯಾರಿಗೂ ಬೇಕಿಲ್ಲ ಎಂದು ಅರ್ಥ. ಇದನ್ನು ಹೇಳುವಾಗ ಮಾತ್ರ ತೋಟಪ್ಪ ನಗುತ್ತಿರಲಿಲ್ಲ. ಸ್ವಯಂ ನಿವೃತ್ತಿ ತಗೊಂಡು ಮನೆಗೆ ಬಂದ. ಗುಜರಿಗೆ ಹಾಕಿದ ಸಾಮಾನಿನಲ್ಲಿ ತನ್ನ ಕೌಂಟರನ್ನು ಗುರುತು ಹಿಡಿದು, ಹರಾಜಿನಲ್ಲಿ ಕೊಂಡು, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದ.

ತಂದ ಮೇಲೆ ಏನನ್ನು ಎಣಿಸುವುದು? ಅಪ್ಪ ಕಾವಲಿದ್ದ ಗಿರಣಿ ಮುಚ್ಚಿದಾಗ ಮನೆಗೆ ಬಂದಿದ್ದ ಲೋಲಕದ ಗಡಿಯಾರ ಅಟ್ಟದ ಮೇಲೆ ಧೂಳು ತಿನ್ನುತ್ತಿತ್ತು. ಅದನ್ನು ಇಳಿಸಿ, ಎಣ್ಣೆ ಬಿಟ್ಟು, ಗೋಡೆಗೆ ಭದ್ರವಾಗಿ ಜಡಿದ. ಲೋಲಕದ ಕೆಳಗೆ ಒಂದು ಸಣ್ಣ ದೀಪ, ಅದರೆದುರು ಒಂದು ಎಲೆಕ್ಟ್ರಾನಿಕ್ ಕಣ್ಣು. ಲೋಲಕ ತೂಗಿದಾಗಲೆಲ್ಲ ಬೆಳಕು ಕತ್ತರಿಸುತ್ತದೆ. ಒಂದು ತೂಗಿಗೂ ಮುಂದಿನ ತೂಗಿಗೂ ನಡುವೆ ಎಷ್ಟು ಹೊತ್ತು ಎಂದು ಪೆಟ್ಟಿಗೆ ತನ್ನೊಳಗಿನ ಕ್ವಾರ್ಟ್ಸ್ ಹರಳಿನ ಮಿಡಿತ ಎಣಿಸಿ ಹೇಳುತ್ತದೆ. ಒಂದು ಸೆಕೆಂಡನ್ನು ಕೋಟಿ ಚೂರು ಮಾಡಿ ಎಣಿಸುವ ಲೆಕ್ಕ ಅದು. ಕಂಪ್ಯೂಟರ್ ಆ ಲೆಕ್ಕವನ್ನೆಲ್ಲ ಹಿಡಿದು ತೆರೆಯ ಮೇಲೆ ಗೆರೆ ಎಳೆಯುತ್ತದೆ.

“ಇಷ್ಟಕ್ಕ ವರ್ಸಾನಗಟ್ಲೆ ಯಾಕ ಎಣಿಸ್ಬೇಕೋ? ಒಂದ್ ತಾಸು ಎಣಿಸಿದ್ರ ಸಾಲದೇನು?” ಎಂದು ಕೇಳಿದೆ.

“ಒಂದ್ ಎಳಿ ನೂಲಿನ ದಪ್ಪ ಪಟ್ಟಿಲೆ ಅಳೀರಿ ನೋಡೂಣು,” ಎಂದ. “ಆಗಂಗಿಲ್ಲ. ಅದ ಎಳಿ ಒತ್ತೊತ್ತಿ ನೂರು ಸುತ್ತು ಸುತ್ತಿ ಅಳದು ಭಾಗಿಸ್ರಿ. ತಪ್ಪು ಆಗೂದು ಅಷ್ಟ, ಆದ್ರ ಅದು ನೂರು ಎಳಿಗೆ ಹಂಚಿ ಹೋಗ್ತೈತಿ. ಹೊತ್ತಿಂದೂ ಹಂಗರಿ. ಎಷ್ಟ್ ದಿನ ತಾಳ್ತೀವಿ ಅಷ್ಟ್ ಖರೆ ಸಿಗ್ತೈತಿ.”

ಆ ಮಾತು ನನಗೆ ಹಿಡಿಸಿತು. ಆದರೆ ಅದಕ್ಕೂ ಒಂದು ತೊಡಕಿತ್ತು. ಪೆಟ್ಟಿಗೆಯೊಳಗಿನ ಹರಳಿಗೂ ಬಿಸಿಲು ಚಳಿ ತಾಗುತ್ತದೆ, ಅದಕ್ಕೂ ವಯಸ್ಸಾಗುತ್ತದೆ. ತಿಂಗಳುಗಟ್ಟಲೆ ಎಣಿಸಿದರೆ ಗಡಿಯಾರ ತಪ್ಪಿತೋ ಪೆಟ್ಟಿಗೆ ತಪ್ಪಿತೋ ತಿಳಿಯದು. ಅದಕ್ಕೆ ತೋಟಪ್ಪ ಮಾಳಿಗೆಯ ಮೇಲೆ ಬೋರಲು ಹಾಕಿದ ಬಟ್ಟಲಿನಂಥ ಆಂಟೆನಾ ಕೂಡಿಸಿದ. ಉಪಗ್ರಹಗಳು ಕಳಿಸುವ ಸಮಯ ಅದರಲ್ಲಿ ಇಳಿದು ಬಂದು ಪೆಟ್ಟಿಗೆಯನ್ನು ಅಂಕೆಯಲ್ಲಿ ಇಡುತ್ತಿತ್ತು. ಕರೆಂಟು ಹೋದರೆ ಬ್ಯಾಟರಿ. ಇಷ್ಟಾದ ಮೇಲೆ ಉಳಿದ ಶತ್ರು ಅಂದರೆ ನಾವೇ: ನಮ್ಮ ಹೆಜ್ಜೆ, ನಮ್ಮ ಬಾಗಿಲು, ನಮ್ಮ ಕೆಮ್ಮು. ನಿಖರತೆಯ ಹೆಸರಿನಲ್ಲಿ ತೋಟಪ್ಪ ಒಬ್ಬೊಬ್ಬರನ್ನೇ ಮನೆಯಿಂದ ಹೊರಗಿಟ್ಟ. ಅವನಿಗೆ ಅದು ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಸುಮ್ಮನಿದ್ದ.

ಹಾಗೆ ಹೊರಗಾದವರಲ್ಲಿ ಪಕ್ಕದ ಮನೆಯ ಚೌಡವ್ವನೂ ಒಬ್ಬಳು. ಅವಳದೂ ಒಂಟಿ ಬಾಳೇ. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ. ಓಣಿಯಲ್ಲಿ ಉಳಿದ ಕಡೆಯ ಕುಣಿಮಗ್ಗ ಅವಳದು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತು ಹಗಲೆಲ್ಲ ಸೀರೆ ನೇಯುತ್ತಿದ್ದಳು. ಎರಡು ಮನೆಗೂ ಗೋಡೆ ಒಂದೇ. ಹಿಂದೊಮ್ಮೆ ಅವಳು ಖಾರ ಕುಟ್ಟುವಾಗ ತೋಟಪ್ಪನ ಗೆರೆ ಕುಣಿದಾಡಿತು. ಇವನು ಹೋಗಿ, “ಯಕ್ಕಾ, ಗ್ವಾಡಿ ಕಡೆ ಖಾರ ಕುಟ್ಟಬ್ಯಾಡ, ನನ್ನ ಎಣಿಕಿ ಕೆಡತೈತಿ” ಎಂದ.

“ನನ್ನ ಮನ್ಯಾಗ ನಾ ಖಾರ ಕುಟ್ಟಾಕ ನಿನ್ನ ಪೆಟಗೀನ ಕೇಳ್ಬೇಕನ?” ಎಂದು ಚೌಡವ್ವ ಒನಕೆ ಹಿಡಿದೇ ಬಾಗಿಲಿಗೆ ಬಂದಳು. ಅಂದಿನಿಂದ ಖಾರ ಹಿಟ್ಟಿನ ಗಿರಣಿಗೆ ಹೋಯಿತು, ಮಾತು ನಿಂತಿತು. ಒಂದೇ ಗೋಡೆಗೆ ಬೆನ್ನು ಹಚ್ಚಿ ಇಬ್ಬರೂ ಒಬ್ಬೊಬ್ಬರೇ ಊಟ ಮಾಡುತ್ತಿದ್ದರು. ನೋಡಿದರೆ ಸಿಟ್ಟು ಬರುತ್ತಿತ್ತು ನನಗೆ.

ಒಂದು ಸಂಜೆ ತೋಟಪ್ಪ ನನ್ನ ಮನೆಗೆ ಬಂದ. ಅವನು ಯಾರ ಮನೆಗೂ ಬರುವವನಲ್ಲ. ನಿಂತಲ್ಲಿ ನಿಲ್ಲಲಾರದೆ, “ಮಾಸ್ತರ್ರ, ಪಂಚಾಂಗ ಐತೇನ್ರಿ?” ಎಂದ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನೇ ಕಿತ್ತುಕೊಂಡು ನನ್ನನ್ನೂ ಎಳೆದುಕೊಂಡು ಹೋದ.

ಕಂಪ್ಯೂಟರಿನ ತೆರೆಯ ಮೇಲೆ ತಿಂಗಳುಗಳ ಗೆರೆ ಇತ್ತು. ರಾತ್ರಿ ಹೊತ್ತು ತೆಳ್ಳಗೆ, ನೇರ. ಹಗಲಾದರೆ ಕಂಬಳಿ ಹುಳದ ಮೈಯಂತೆ ರೋಮ ಎದ್ದದ್ದು. ಹಗಲಿನ ಈ ಅಲುಗಾಟ ರಸ್ತೆಯ ಟ್ರ್ಯಾಕ್ಟರು, ಆಟೋಗಳದ್ದೆಂದು ಅವನು ಕೈಬಿಟ್ಟಿದ್ದನಂತೆ. ಆದರೆ ತಿಂಗಳಿಗೊಮ್ಮೆ, ಒಂದೇ ಒಂದು ದಿನ, ಹಗಲೂ ಗೆರೆ ರಾತ್ರಿಯಷ್ಟೇ ನುಣ್ಣಗೆ ಇರುತ್ತಿತ್ತು. ಬೆರಳಿಟ್ಟು ತೋರಿಸಿದ. ಕ್ಯಾಲೆಂಡರಿನ ಮೇಲೂ ಬೆರಳಿಟ್ಟ. ಅಲ್ಲಿ ಕರಿ ಚುಕ್ಕೆ. ಹಿಂದಿನ ತಿಂಗಳು ನೋಡಿದೆವು, ಕರಿ ಚುಕ್ಕೆ. ಅದರ ಹಿಂದೆ, ಮತ್ತೆ ಕರಿ ಚುಕ್ಕೆ. ಎಲ್ಲವೂ ಅಮಾವಾಸ್ಯೆ.

“ಅಮಾಸಿ ದಿನ ಸೂರ್ಯಾ ಚಂದ್ರಾಮ ಇಬ್ರೂ ಹಗಲು ಒಂದ ಕಡೆ ಇರ್ತಾರರಿ,” ಎಂದ. “ಇಬ್ರೂ ಕೂಡಿ ಮ್ಯಾಲೆ ಜಗ್ತಾರ. ಲೋಲಕ ಬಿಗಿ ಹಿಡಿದಂಗ ಆಗ್ತೈತಿ. ಹುಣ್ಣಿಮಿಗೆ ಚಂದ್ರಾಮ ಹಗಲು ಇರಂಗಿಲ್ಲ, ಅದಕ್ಕ ಅವತ್ತ ಏನೂ ಆಗಂಗಿಲ್ಲ. ಭಾಳ ಚಲೋ ಗಡಿಯಾರದಾಗ ಚಂದ್ರಾಮನ ಜಗ್ಗಾಟ ಕಾಣ್ತೈತಿ ಅಂತ ಓದಿದ್ನಿ. ನನ್ನ ಗಿರಣಿ ಗಡಿಯಾರದಾಗ ಕಾಣ್ತೈತಿ ಅಂದ್ರ…”

ನನಗೆ ಚಂದ್ರನೂ ತಿಳಿಯದು, ಲೋಲಕವೂ ತಿಳಿಯದು. ಆದರೆ ಆ ಮುಖ ನೋಡಿ ಖುಷಿಯಾಯಿತು. ಆ ಮನೆಯಲ್ಲಿ ಹಬ್ಬದ ಕಳೆ ನಾನು ಎಂದೂ ಕಂಡಿರಲಿಲ್ಲ. ಅವನು ಕಾಲಿನ ಸಪ್ಪಳ ಮರೆತು ಓಡಾಡಿ ಚಹಾ ಮಾಡಿದ.

ನನ್ನ ಹಳೆಯ ವಿದ್ಯಾರ್ಥಿನಿ ವಿದ್ಯಾಶ್ರೀ ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಅವಳಿಗೆ ಫೋನು ಹಚ್ಚಿಸಿದೆ. ಗೆರೆಯ ಚಿತ್ರ ನೋಡಿ ಅವಳು, “ಚಂದ್ರನ ಪರಿಣಾಮ ಇಷ್ಟು ದೊಡ್ಡದಾಗಿ ಕಾಣಬಾರದು ಸರ್. ಆದರೆ ಏನೋ ಇದೆ, ಅದಂತೂ ಖರೆ” ಎಂದಳು. ಅವರ ಕಾಲೇಜಿನಲ್ಲಿ ಅಧ್ಯಾಪಕರೆಲ್ಲ ಸೇರುವ ಒಂದು ಸಭೆ ಇತ್ತು. ಅಲ್ಲಿಗೆ ಬಂದು ಎಲ್ಲರೆದುರು ತೋರಿಸಿ ಎಂದು ಕರೆದಳು. ಅನುಮಾನದ ಮಾತು ತೋಟಪ್ಪನ ಕಿವಿಗೆ ಬೀಳಲಿಲ್ಲ, ಕರೆದದ್ದು ಮಾತ್ರ ಬಿತ್ತು. ಅವನನ್ನು ಯಾರಾದರೂ ಎಲ್ಲಿಗಾದರೂ ಕರೆದು ಎಷ್ಟು ವರ್ಷವಾಗಿತ್ತೋ! ದುರ್ಗೇಶ ದರ್ಜಿಯ ಹತ್ತಿರ ಹೊಸ ಅಂಗಿ ಹೊಲಿಸಲು ಹಾಕಿದ. ಕನ್ನಡಿಯ ಮುಂದೆ ನಿಂತು, “ಸಭಿಕರೇ” ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದ. ನಾನು ಕಿಟಕಿಯಿಂದ ಕೇಳಿ ಚೇಷ್ಟೆ ಮಾಡಿದರೆ ನಾಚಿಕೊಂಡು ಒಳಗೆ ಹೋಗುತ್ತಿದ್ದ.

ಸಭೆ ಹತ್ತಿರ ಬಂತು. ಆಗ ಕೆಟ್ಟಿತು.

ಒಂದು ಮುಂಜಾನೆ ನನ್ನ ಕಟ್ಟೆಗೆ ಬಂದು, “ಇವತ್ತ ಯಾವ ತಿಥಿರಿ?” ಎಂದ. ಸಪ್ತಮಿ ಎಂದೆ. ಮುಖ ಬಿಳುಚಿಕೊಂಡಿತು. “ಗೆರಿ ನುಣ್ಣಗ ಬರಾಕತ್ತೈತ್ರಿ. ನಿನ್ನೀನೂ ಹಂಗ, ಮೊನ್ನೀನೂ ಹಂಗ. ಅಮಾಸಿ ಇನ್ನೂ ದೂರ ಐತಿ. ಚಂದ್ರಾಮ ಇಲ್ಲದ ದಿನ ಚಂದ್ರಾಮ ಹೆಂಗ ಬರ್ತಾನ?”

ಅಂದಿನಿಂದ ಅವನು ಊಟ ಬಿಟ್ಟ. ಪೆಟ್ಟಿಗೆ ಬಿಚ್ಚಿದ, ಜೋಡಿಸಿದ. ಮಾಳಿಗೆ ಹತ್ತಿ ಆಂಟೆನಾ ಒರೆಸಿದ. ತಂತಿಗಳನ್ನೆಲ್ಲ ಹೊಸದಾಗಿ ಬೆಸೆದ. ಲೋಲಕದ ಕೆಳಗಿನ ಕಣ್ಣು ಕುರುಡಾಗಿದೆಯೇ ಎಂದು ಬೆರಳು ಅಡ್ಡ ಹಿಡಿದು ನೋಡಿದ. ಎಲ್ಲವೂ ಸರಿಯಿತ್ತು. ಎಲ್ಲವೂ ಸರಿಯಿದ್ದದ್ದೇ ಅವನಿಗೆ ಸಂಕಟ. ಧಾರವಾಡದಲ್ಲಿ ಹತ್ತು ಮಂದಿ ಕಲಿತವರ ಎದುರು ಏನು ತೋರಿಸುವುದು? ನಾನು ಸಮಾಧಾನಕ್ಕೆಂದು, “ಈ ಒಂದ್ ವಾರ ಬಿಟ್ಟು ಉಳಿದದ್ದು ತೋರಸು, ಯಾರಿಗೆ ಗೊತ್ತಾಗ್ತೈತಿ?” ಎಂದೆ.

“ನನಗ ಗೊತ್ತಾಗ್ತೈತಲ್ಲರಿ,” ಎಂದು ತಲೆ ತಗ್ಗಿಸಿದ.

ಮರುದಿನ ನಾನು ಅವನ ಮನೆಯಲ್ಲೇ ಕೂತಿದ್ದೆ. ಅವನು ಏನೇನು ಬದಲಾಗಿದೆ ಎಂದು ಒಂದೊಂದಾಗಿ ಹೇಳುತ್ತಿದ್ದ. ರಸ್ತೆ ಅದೇ, ಟ್ರ್ಯಾಕ್ಟರು ಅವೇ, ಬಿಸಿಲು ಅಷ್ಟೇ. ಆಗ ಹೊರಗೆ ಹಾಲಿನ ಮಲಂಗಸಾಬನ ದನಿ ಕೇಳಿಸಿತು. ಅವನಿಗೆ ಈ ಮನೆಯ ಕಾನೂನು ಗೊತ್ತು, ಬಾಗಿಲಾಚೆಯಿಂದಲೇ ಮೆಲ್ಲಗೆ ಕರೆದ.

“ಮಾಸ್ತರ್ರ, ಚೌಡವ್ವ ಬಾಗ್ಲಾ ತೆಗೀವಲ್ಲಳು ನೋಡ್ರಿ. ನಿನ್ನಿ ಇಟ್ಟ ಹಾಲೂ ಕಟ್ಟಿ ಮ್ಯಾಲೆ ಹಂಗ ಐತಿ. ಮೊನ್ನೀತನಾ ಎದ್ದು ಬಂದು ಇಸಗೊಂತಿದ್ಲು. ನಾಕೈದು ದಿನದಿಂದ ಮೈಯಾಗ ಜ್ವರ ಐತಿ, ಮಗ್ಗಕ್ಕ ಕುಂಡ್ರಾಕ ಆಗವಲ್ದು ಅಂದಿದ್ಲು.”

ತೋಟಪ್ಪ ಗೋಡೆಯ ಕಡೆ ನೋಡಿದ. ಆಮೇಲೆ ತೆರೆಯ ಕಡೆ ನೋಡಿದ. ಆಮೇಲೆ ನನ್ನ ಮುಖ. ಆ ಗಳಿಗೆಯಲ್ಲಿ ನನಗೂ ಹೊಳೆಯಿತು.

ಇದನ್ನು ಬೆಟಗೇರಿಯ ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ಖಾರ ಕುಟ್ಟುವ ಸದ್ದು ಕೇಳಿದವನಿಗೆ ದಿನವಿಡೀ ಬಡಿಯುವ ಮಗ್ಗದ ಸದ್ದು ಕೇಳಲಿಲ್ಲವೇ ಎಂದು ನಗುತ್ತಾರೆ. ಕೇಳಲಿಲ್ಲ. ನಾವು ತೊಟ್ಟಿಲಲ್ಲಿದ್ದಾಗಿನಿಂದ ಅದು ಬಡಿಯುತ್ತಲೇ ಇತ್ತು. ನಮ್ಮ ಪಾಲಿಗೆ ಅದು ಸದ್ದೇ ಅಲ್ಲ, ಓಣಿಯ ಗಾಳಿ ಇದ್ದ ಹಾಗೆ. ಲಾಳಿ ಓಡಿಸಿ ಹಲಗೆ ಎಳೆದು ಬಡಿದಾಗಲೆಲ್ಲ ಒಂದೇ ಗೋಡೆಯ ಆ ಬದಿ ನಡುಗುತ್ತದೆ, ಈ ಬದಿಯ ಲೋಲಕಕ್ಕೆ ತಾಗುತ್ತದೆ. ಅಮಾವಾಸ್ಯೆ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು, ಓಣಿಯ ನಾಯಿಗೂ ಗೊತ್ತು. ಗೊತ್ತಿದ್ದೂ ನಾವಿಬ್ಬರೂ ಆಕಾಶ ನೋಡುತ್ತ ಕೂತಿದ್ದೆವು.

ತೋಟಪ್ಪ ಓಡಿದ. ಧಡಧಡ ಕಾಲು ಬಡಿಯುತ್ತ, ಬಾಗಿಲು ಗೋಡೆಗೆ ಅಪ್ಪಳಿಸುವಂತೆ ತೆಗೆದು ಓಡಿದ. ನಾವು ಮೂವರೂ ಸೇರಿ ಚೌಡವ್ವನ ಬಾಗಿಲಿಗೆ ಭುಜ ಕೊಟ್ಟೆವು. ಒಳಗೆ ಅವಳು ಮಗ್ಗದ ಕುಣಿಯ ಪಕ್ಕದಲ್ಲಿ ನೆಲದ ಮೇಲೆ ಬಿದ್ದಿದ್ದಳು. ಕಣ್ಣು ತೆರೆದೇ ಇತ್ತು. ಬಾಯಿ ಒಂದು ಕಡೆ ವಾರೆಯಾಗಿತ್ತು, ಬಲಗೈ ಎತ್ತಿದರೆ ಸೋತು ಕೆಳಗೆ ಬೀಳುತ್ತಿತ್ತು. ಗೋಡೆಯ ಸುಣ್ಣದ ಮೇಲೆ ಎಡಗೈಯಿಂದ ಬಡಿದ ಗುರುತು ಇತ್ತು. ಯಾವಾಗ ಬಡಿದಳೋ, ಎಷ್ಟು ಹೊತ್ತು ಬಡಿದಳೋ. ಮಲಂಗಸಾಬ ಆಟೋ ತಂದ. ಗದಗಿನ ದವಾಖಾನೆಗೆ ಒಯ್ದೆವು.

ಜೀವ ಉಳಿಯಿತು. ಬಲಗೈ, ಬಲಗಾಲು ಹೋದವು. ಮಾತು ತೊದಲುತ್ತ ತೊದಲುತ್ತ ತಿರುಗಿ ಬಂತು.

ಅವಳನ್ನು ದವಾಖಾನೆಗೆ ಸೇರಿಸಿ ಬಂದ ದಿನ ತೋಟಪ್ಪ ತೆರೆಯ ಮುಂದೆ ಕೂತು ಹಳೆಯ ಗೆರೆಯನ್ನೆಲ್ಲ ಮೊದಲಿನಿಂದ ಬಿಡಿಸಿದ. ನಾನೂ ಜೊತೆಗಿದ್ದೆ. ಈಗ ಅದು ಬೇರೆಯೇ ಆಗಿ ಕಾಣುತ್ತಿತ್ತು. ಮುಂಜಾನೆ ಗೆರೆ ಅಲುಗಾಡಲು ಶುರುವಾದ ಹೊತ್ತು ಚೌಡವ್ವ ಮಗ್ಗಕ್ಕೆ ಕೂತ ಹೊತ್ತು. ಮಧ್ಯಾಹ್ನ ತುಸು ನಿಂತದ್ದು ರೊಟ್ಟಿ ತಿಂದ ಹೊತ್ತು. ಬೇಸಿಗೆಯಲ್ಲಿ ಅವಳು ಬೇಗ ಏಳುತ್ತಿದ್ದಳು. ಅಮಾವಾಸ್ಯೆ ಅಲ್ಲದೆಯೂ ನುಣ್ಣಗಿದ್ದ ಒಂದೆರಡು ದಿನಗಳಿದ್ದವು, ಅವನ್ನು ತೋಟಪ್ಪ ಬ್ಯಾಟರಿಯ ತಲೆಗೆ ಕಟ್ಟಿದ್ದ. ಅವು ಅವಳ ತಮ್ಮ ತೀರಿಕೊಂಡ ದಿನಗಳು. ಬರಬರುತ್ತ ಹೊಡೆತಗಳ ನಡುವಿನ ಬಿಡುವು ಉದ್ದವಾಗುತ್ತ ಬಂದಿತ್ತು. ಕೈ ಸೋಲುತ್ತಿತ್ತು ಮುದುಕಿಗೆ. ಅವಳಿಗೂ ಅದು ಅಷ್ಟು ಸ್ಪಷ್ಟವಾಗಿ ಗೊತ್ತಿತ್ತೋ ಇಲ್ಲವೋ.

“ಎಲ್ಲಾ ಹೇಳೈತ್ರಿ ಇದು,” ಎಂದ ತೋಟಪ್ಪ. “ಜ್ವರ ಬಂದ ಮೊದಲನೇ ದಿನಾನ ಹೇಳೈತಿ. ನಾ ಪೆಟಗಿ ಬಿಚ್ಚಿ ನೋಡ್ಕೋತ ಕುಂತೆ. ಗ್ವಾಡಿ ಬಡದಾಳರಿ ಆಕಿ. ನಾ ಪೆಟಗಿ ಬಿಚ್ಚಿ ಇಟ್ಟಿದ್ನಿ.”

ಅಷ್ಟು ಹೇಳಿ ಅತ್ತ. ಅರವತ್ತು ದಾಟಿದ ಗಂಡಸು ಮುಖ ಮುಚ್ಚಿಕೊಳ್ಳದೆ ಅಳುವುದನ್ನು ನೋಡುವುದು ಕಷ್ಟ. ನಾನು ನನ್ನ ತೊಡೆ ನೋಡುತ್ತ ಕೂತೆ.

ಧಾರವಾಡಕ್ಕೆ ಹೋಗಲಿಲ್ಲ. ವಿದ್ಯಾಶ್ರೀ ಎಲ್ಲ ಕೇಳಿ, ಇದನ್ನೇ ಬಂದು ಹೇಳಿ ಎಂದಳು, ಕಳಕಳಿಯಿಂದಲೇ. ಅವನು ಒಲ್ಲೆನೆಂದ. ಹೊಲಿಸಿದ ಅಂಗಿ ದುರ್ಗೇಶನ ಅಂಗಡಿಯಲ್ಲೇ ಉಳಿಯಿತು. ಶಿಗ್ಲಿಯಿಂದ ಚೌಡವ್ವನ ತಮ್ಮನ ಮಗ ಮುತ್ತುರಾಜ ಬಂದ, ಒಳ್ಳೆಯ ಹುಡುಗ, ಹೊಲ ಮಾಡಿಕೊಂಡಿದ್ದಾನೆ. ಅತ್ತೆಯನ್ನು ಎತ್ತಿಕೊಂಡು ಟಂಟಂ ಗಾಡಿಯಲ್ಲಿ ಕೂಡಿಸಿದ. ಹೊರಡುವ ಹೊತ್ತಿಗೆ ಅವಳು ತೋಟಪ್ಪನನ್ನು ಹತ್ತಿರ ಕರೆದು, ಬಾಯಿ ವಾರೆ ಮಾಡಿಕೊಂಡೇ ನಕ್ಕು, “ನಿನ್ನ ಗಡಿಯಾರಕ್ಕ ಸಮಾಧಾನ ಆತಿಲ್ಲೋ ತಮ್ಮಾ?” ಎಂದಳು. ಅಷ್ಟು ವರ್ಷಗಳ ಮೇಲೆ ಆಡಿದ ಮಾತು. ಗಾಡಿ ಹೊರಟಿತು. ಅವಳ ಬಾಗಿಲಿಗೆ ಕೀಲಿ ಬಿತ್ತು.

ಈಗ ಅವನು ಬಯಸಿದ್ದೆಲ್ಲ ಸಿಕ್ಕಿತ್ತು. ಹಗಲೂ ನುಣುಪು, ರಾತ್ರಿಯೂ ನುಣುಪು. ರಸ್ತೆಯದೆಂದುಕೊಂಡಿದ್ದ ಅಲುಗಾಟವೂ ಅದರ ಜೊತೆಗೇ ಹೋಗಿತ್ತು, ಅದೂ ಮಗ್ಗದ್ದೇ. ಇನ್ನು ನಿಜವಾದ ಚಂದ್ರನನ್ನು ಹುಡುಕಬಹುದು ಎಂದು ವಿದ್ಯಾಶ್ರೀ ಹುರುಪು ತುಂಬಿದಳು. ತೋಟಪ್ಪನೂ ಎಣಿಸಿದ. ನನ್ನನ್ನು ಕರೆದು ತೋರಿಸಿದ. ತೆರೆಯ ಈ ಅಂಚಿನಿಂದ ಆ ಅಂಚಿಗೆ ಒಂದು ಗೆರೆ. ಯಾವ ಹಗಲು, ಯಾವ ರಾತ್ರಿ, ಎಲ್ಲಿ ಮಧ್ಯಾಹ್ನ, ಏನೂ ತಿಳಿಯದು.

“ಭಾಳ ಸ್ವಚ್ಛ ಐತಲ್ಲೋ!” ಎಂದೆ ನಾನು, ದಡ್ಡನಂತೆ.

“ಇದರಾಗ ಯಾರೂ ಇಲ್ಲರಿ ಮಾಸ್ತರ್ರ,” ಎಂದ.

ಅದಾದ ಮೇಲೆ ನಾನೇ ಹಟ ಹಿಡಿದು ಅವನನ್ನು ಶಿಗ್ಲಿಗೆ ಹೊರಡಿಸಿದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಿಟಕಿಗೆ ಮುಖ ಮಾಡಿ ಕೂತಿದ್ದ. ಶಿಗ್ಲಿಯಲ್ಲಿ ಮುತ್ತುರಾಜನ ಪಡಸಾಲೆಯಲ್ಲಿ ಚೌಡವ್ವ ಹೊರಸಿನ ಮೇಲೆ ದಿಂಬಿಗೆ ಒರಗಿದ್ದಳು. ಚಂದಾಗಿ ನೋಡಿಕೊಂಡಿದ್ದರು, ಎಣ್ಣೆ ಹಚ್ಚಿ ತಲೆ ಬಾಚಿದ್ದರು. ಬಲಗೈಯನ್ನು ಮಡಿಲಲ್ಲಿ ಬೇರೆ ಯಾರದೋ ಕೈ ಎಂಬಂತೆ ಇಟ್ಟುಕೊಂಡಿದ್ದಳು. ನಾವು ಹೋದ ಖಬರ ತಿಳಿದು ಅಕ್ಕಪಕ್ಕದ ಇಬ್ಬರು ಹೆಂಗಸರೂ ಬಂದು ಬಾಗಿಲಲ್ಲಿ ನಿಂತರು.

ಚಹಾ ಆಯಿತು. ಮಳೆ, ಪೀಕು, ಮೊಣಕಾಲು ನೋವಿನ ಮಾತಾಯಿತು. ಆಮೇಲೆ ಚೌಡವ್ವ ಕೇಳಿದಳು, “ಗಡಿಯಾರ ಈಗರೆ ನೆಟ್ಟಗ ನಡದೈತಿ?”

ತೋಟಪ್ಪ ನನ್ನ ಕಡೆ ನೋಡಿದ. ಅವನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ನನಗೆ ತಿಳಿಯಿತು. ನೆಟ್ಟಗೆ ನಡೆದಿದೆ ಎಂದರೆ, ಕೆಡಿಸಿದವಳು ನೀನೇ ಎಂದ ಹಾಗೆ. ಕೈ ಹೋದ ಮುದುಕಿಗೆ ಅದನ್ನು ಹೇಗೆ ಹೇಳುವುದು? ಕಡೆಯ ಅಂಕಿಯನ್ನೂ ಒಂದರಷ್ಟು ಹೆಚ್ಚು ಕಡಿಮೆ ಹೇಳದ ಮನುಷ್ಯ, ನನಗೆ ಗೊತ್ತಿದ್ದ ಮಟ್ಟಿಗೆ ಮೊದಲ ಸಲ ಸುಳ್ಳು ಹೇಳಿದ.

“ಇಲ್ಲ ಯಕ್ಕಾ. ಇನ್ನೂ ಅಲಗಾಡ್ತೈತಿ. ಅದು ನಿಂದ ತಪ್ಪಲ್ಲ, ರಸ್ತೆದ್ದು.”

ಚೌಡವ್ವನ ಮುಖ ಇಳಿಯಿತು. ಹಗುರಾಗಬೇಕಿದ್ದವಳು ಕುಗ್ಗಿದಳು. ಬಾಗಿಲಲ್ಲಿದ್ದ ಹೆಂಗಸರ ಕಡೆ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದಳು.

“ಹಂಗಾರ ಅದು ನಾ ಅಲ್ಲೇನಪಾ?” ಎಂದಳು, ಬಹಳ ಸಣ್ಣ ದನಿಯಲ್ಲಿ.

ಮುತ್ತುರಾಜ ನಗುತ್ತ ನನ್ನತ್ತ ವಾಲಿದ. “ಹಾಲಿನ ಮಲಂಗಸಾಬ ದವಾಖಾನ್ಯಾಗ ಆಕಿಗೆ ಗೆರಿ ಸುದ್ದಿ ಎಲ್ಲಾ ಹೇಳಿದ್ನಂತ, ಆಕಿ ಊರಮಂದಿಗೆಲ್ಲಾ ಹೇಳ್ಯಾಳರಿ ಸರ. ನಾ ಮಗ್ಗಕ್ಕ ಕುಂತ್ರ ಬಾಜು ಮನ್ಯಾಗ ಮಶೀನು ಬರಕೊಂತಿತ್ತು, ನಾ ಅಮಾಸಿ ಹಿಡಿದ್ರ ಚಂದ್ರಾಮ ಬಂದಾನ ಅಂತ ತಿಳಕೊಂತಿದ್ರು ಅಂತ. ದಿನಾ ಯಾರರೆ ಬಂದು ಕೇಳ್ತಾರ, ದಿನಾ ಹೇಳ್ತಾಳ. ಎಷ್ಟೋ ವರ್ಸ ಒಬ್ಬಾಕೀನ ನೇದೆ, ಯಾರಿಗೂ ಗೊತ್ತಿಲ್ಲ ಅಂತ ತಿಳದಿದ್ನಿ, ಒಬ್ಬಾಂವ ಎಲ್ಲಾ ಎಣಿಸ್ಯಾನ ಅಂತಾಳ.”

ತೋಟಪ್ಪ ಎದ್ದು ಹೊರಸಿನ ಹತ್ತಿರ ಹೋಗಿ ನೆಲದ ಮೇಲೆ ಕೂತ. ಮಡಿಲಲ್ಲಿದ್ದ ಆ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

“ಸುಳ್ಳು ಹೇಳಿದ್ನಿ ಯಕ್ಕಾ. ರಸ್ತೆದ್ದಲ್ಲ, ಚಂದ್ರಾಮಂದಲ್ಲ. ಎಲ್ಲಾ ನೀನ. ಹೊತ್ತು ಹೊಂಟಾಗಿಂದ ಹೊತ್ತು ಮುಣುಗೂತನಾ ನೀನ.”

“ಖರೆ?”

“ಖರೆ.”

“ಮತ್ತ ಈಗ?” ಎಂದಳು ಚೌಡವ್ವ. “ಈಗ ಏನ್ ಬರೀತೈತಿ ನಿನ್ನ ಪೆಟಗಿ?”

ಅವನು ಆ ಕೈಯ ಬೆರಳುಗಳನ್ನು ಒಂದೊಂದಾಗಿ ನೇರ ಮಾಡಿದ. ಹೊರಗೆ ಯಾರೋ ದನ ಹೊಡೆದುಕೊಂಡು ಹೋದರು.

“ಈಗ ದಿನಾ ಅಮಾಸೀನ ಐತಿ ಯಕ್ಕಾ,” ಎಂದ.

ಚೌಡವ್ವ ಎಡಗೈಯಿಂದ ಸೆರಗು ಹುಡುಕಿ ಕಣ್ಣಿಗೆ ಒತ್ತಿಕೊಂಡಳು. ಗದಗಿನ ಬಸ್ಸಿಗೆ ಹೊತ್ತಾಗಿತ್ತು. ಅವನು ಏಳಲಿಲ್ಲ, ನಾನೂ ಅವಸರ ಮಾಡಲಿಲ್ಲ.